ನಮ್ಮ ಶುಚಿತ್ವ ಕಾಂಪೌಂಡ್ ಗೋಡೆಗೇ ಮುಗಿಯಿತೇ?

ಶುಚಿತ್ವವು ಈಮಾನಿನ ಭಾಗವೆಂದು ಮದ್ರಸದ ಮೊದಲ ವರ್ಷದಲ್ಲೇ ಮಕ್ಕಳಿಗೆ ಕಲಿಸುತ್ತೇವೆ. ಉಡುಪಿಗೆ ಒಂದು ಹನಿ ಮೂತ್ರ ತಾಗಿದರೂ ತೊಳೆಯದೆ ನಮಾಝಿಗೆ ನಿಲ್ಲುವುದಿಲ್ಲ. ಆದರೆ ನಮ್ಮದೇ ಶೌಚಾಲಯದ ನೀರು ಗೋಡೆಯಾಚೆ ಹರಿದು ಎಲ್ಲಿ ಸೇರಿತೆಂದು ಎಷ್ಟು ಮಂದಿ ವಿಚಾರಿಸಿದ್ದೇವೆ?

ಒಳಚರಂಡಿಯಿಲ್ಲದ ಸಣ್ಣ ಪಟ್ಟಣಗಳಲ್ಲಿ ಮನೆಗೊಂದು ಗುಂಡಿ. ನಾವು ಸೆಪ್ಟಿಕ್ ಟ್ಯಾಂಕ್ ಎನ್ನುವುದರಲ್ಲಿ ಅನೇಕವು ತಳವೇ ಕಟ್ಟದ ಹೊಂಡಗಳು. ಅವುಗಳಿಂದ ಇಂಗಿದ್ದು ನೆರೆಯವರ ಬಾವಿಗೆ ಇಳಿಯಬಹುದು. ಸರಿಯಾಗಿ ಕಟ್ಟಿದ ಟ್ಯಾಂಕಿನಲ್ಲಿಯೂ ಕೆಸರು ತಳದಲ್ಲಿ ಕೂರುತ್ತದೆಯೇ ಹೊರತು ಹೊರಬರುವ ನೀರು ಶುದ್ಧವಾಗುವುದಿಲ್ಲ. ಅದಕ್ಕೆ ಇಂಗುಗುಂಡಿ ಬೇಕು. ಎರಡು-ಮೂರು ವರ್ಷಗಳಿಗೊಮ್ಮೆ ಕೆಸರು ತೆಗೆಸಬೇಕು. ನಾವೋ ಪೈಪನ್ನು ಚರಂಡಿಗೆ ತಿರುಗಿಸಿ, ಗುಂಡಿ ಉಕ್ಕುವವರೆಗೆ ಕಾದು, ಟ್ಯಾಂಕರ್ ಕರೆಸಿ, ಅದು ಎಲ್ಲಿ ಸುರಿಯಿತೆಂದು ಕೇಳದೆ ಹಣ ಕೊಡುತ್ತೇವೆ. ಜನರ ನೀರಿನ ತಾಣದಲ್ಲಿ, ದಾರಿಯಲ್ಲಿ, ನೆರಳಿನಲ್ಲಿ ಮಲವಿಸರ್ಜಿಸುವುದು ಶಾಪಕ್ಕೆ ಕಾರಣವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ನಾವೇ ಕೆರೆಗೆ ಹೋಗದೆ ಟ್ಯಾಂಕರನ್ನು ಕಳುಹಿಸಿದರೆ ಆ ಎಚ್ಚರಿಕೆ ನಮಗೆ ಅನ್ವಯಿಸದೇ?

“ಇದು ಪುರಸಭೆಯ ಕೆಲಸ, ನಮ್ಮದಲ್ಲ” ಎನ್ನುವವರಿದ್ದಾರೆ. ಘಟಕ ಕಟ್ಟುವುದು ಪುರಸಭೆಯ ಕೆಲಸವೇ ಸರಿ. ಆದರೆ ಕೇಳದ ಊರಿಗೆ ಕಟ್ಟಿಕೊಡುವವರಾರು? ಟಿಪ್ಪು ಸುಲ್ತಾನರು ಜನಿಸಿದ ದೇವನಹಳ್ಳಿಯನ್ನು ನೋಡಿ. ಅಲ್ಲಿ 2015ರಲ್ಲಿ ಮಲಕೆಸರಿಗೆಂದೇ ಸಂಸ್ಕರಣಾ ಘಟಕ ಆರಂಭವಾಯಿತು. ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್. ಟ್ಯಾಂಕರ್ ತಂದ ಕೆಸರು ತೊಟ್ಟಿಯಲ್ಲಿ ಕೊಳೆತು ಹದಗೊಳ್ಳುತ್ತದೆ, ಒಣಹಾಸಿನಲ್ಲಿ ಒಣಗುತ್ತದೆ, ಊರಿನ ಹಸಿಕಸದೊಡನೆ ಬೆರೆತು ರೈತರ ಹೊಲಕ್ಕೆ ಗೊಬ್ಬರವಾಗುತ್ತದೆ. ಸಣ್ಣ ಊರಿಗೆ ಇದು ನಿಲುಕದ ಕನಸಲ್ಲವೆಂಬುದಕ್ಕೆ ಇಷ್ಟು ಸಾಲದೇ?

“ಒಮ್ಮೆ ನಜಸ್ ಆದ ನೀರು ಎಂದೆಂದಿಗೂ ನಜಸ್, ಯಂತ್ರಕ್ಕೆ ಹಾಕಿ ಫಲವೇನು?” ಎಂಬುದು ಇನ್ನೊಂದು ವಾದ. ಧರ್ಮದ ಹೆಸರಿನಲ್ಲಿ ಹೇಳುವುದರಿಂದ ಇದು ಹೆಚ್ಚು ಅಪಾಯಕಾರಿ. 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿ ತಜ್ಞರೊಡನೆ ಸಮಾಲೋಚಿಸಿ ಇದಕ್ಕೆ ಉತ್ತರ ನೀಡಿದೆ. ಸಂಸ್ಕರಣೆಯಿಂದ ಮಾಲಿನ್ಯ ಸಂಪೂರ್ಣವಾಗಿ ನೀಗಿ ಬಣ್ಣ, ರುಚಿ, ವಾಸನೆಗಳು ಮೊದಲಿನಂತಾದರೆ ಆ ನೀರು ಶುದ್ಧ; ಅದರಿಂದ ವುಝೂ ಕೂಡ ಸಲ್ಲುತ್ತದೆ. ಕುಡಿಯುವುದನ್ನು ಸಾಧ್ಯವಾದಷ್ಟು ತಪ್ಪಿಸುವುದು ಉತ್ತಮವೆಂದದ್ದು ಆರೋಗ್ಯದ ಕಾಳಜಿಯಿಂದಲೇ ಹೊರತು ನೀರು ನಜಸ್ ಎಂಬ ಕಾರಣಕ್ಕಲ್ಲ. ಸಣ್ಣ ಊರಿನ ಘಟಕದಿಂದ ಹೊರಬರುವ ನೀರೆಲ್ಲ ಆ ಮಟ್ಟ ಮುಟ್ಟುತ್ತದೆಂದು ನಾನು ಹೇಳುತ್ತಿಲ್ಲ. ಗಿಡಮರಗಳಿಗೆ ಹಾಯಿಸಲು ಅಷ್ಟು ಬೇಕಾಗಿಯೂ ಇಲ್ಲ. ಸಂಸ್ಕರಣೆಯೇ ವ್ಯರ್ಥವೆಂಬ ಮಾತಿಗೆ ಶರೀಅತ್‌ನ ಆಧಾರವಿಲ್ಲವೆಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯವಿದೆ. ಗುಂಡಿ ಕಟ್ಟಿಕೊಂಡಾಗ ಬಡವನೊಬ್ಬನನ್ನು ಒಳಗಿಳಿಸುವ ಪದ್ಧತಿ ಇನ್ನೂ ಅಳಿದಿಲ್ಲ. 2013ರ ಕಾಯ್ದೆ ಅದನ್ನು ಅಪರಾಧವೆಂದು ಸಾರಿದೆ. ಗುಂಡಿಯ ವಿಷಾನಿಲಕ್ಕೆ ಪ್ರಾಣ ಬಿಡುವವನು ಆದಮನ ಸಂತತಿಯಲ್ಲವೇ? ನಾಳೆ ಅವನ ಕುರಿತು ನಮ್ಮನ್ನು ಪ್ರಶ್ನಿಸಿದರೆ ಉತ್ತರವೇನು?

ಆದ್ದರಿಂದ ಮಸೀದಿಯಿಂದಲೇ ಆರಂಭಿಸೋಣ. ಜಮಾಅತಿನ ಹಿರಿಯರು ಈ ವಾರವೇ ಮಸೀದಿಯ ಶೌಚಾಲಯದ ಗುಂಡಿಯನ್ನು ಪರಿಶೀಲಿಸಲಿ. ಪೈಪ್ ಚರಂಡಿಗೆ ಬಿಟ್ಟಿದ್ದರೆ ಮುಚ್ಚಿಸಿ ಇಂಗುಗುಂಡಿ ತೋಡಿಸಲಿ. ಬಳಿಕ ಊರಿನ ಎಲ್ಲ ಸಮುದಾಯದವರೊಡನೆ ಕೂಡಿ ಘಟಕಕ್ಕಾಗಿ ಪುರಸಭೆಗೆ ಮನವಿ ಕೊಡಲಿ. ಕೆರೆಗೆ ಹೊಲಸು ಬಿಟ್ಟು ಹೌಝಿನಲ್ಲಿ ಕೈಕಾಲು ತೊಳೆದರೆ ಶುಚಿಯಾಗುವುದು ನಮ್ಮ ಕೈಕಾಲು ಮಾತ್ರ.