ಕರೆಂಟ್ ಪಿಕಪ್ ಮದ್ರಾಸಿಗೆ ಹೋಗುತ್ತಾ?

ನನಗೆ ಗಾಡಿ ಹುಚ್ಚು. ಅದರಲ್ಲೂ ಲೋಡ್ ಗಾಡಿ ಎಂದರೆ ಇನ್ನೂ ಹೆಚ್ಚು. ಶಾಲೆಯಲ್ಲಿದ್ದಾಗ ನೋಟ್‌ಬುಕ್ಕಿನ ಹಿಂದಿನ ಪುಟಗಳ ತುಂಬಾ ಲಾರಿ ಚಿತ್ರಗಳೇ. ಊರೊಳಗೆ ಪಿಕಪ್ ಬಂದರೆ ನೋಡದೆ, ಶಬ್ದದಲ್ಲೇ ಯಾರದ್ದೆಂದು ಹೇಳುತ್ತಿದ್ದೆ. ಇಂಥವನಿಗೆ ಶಬ್ದವೇ ಇಲ್ಲದ ಎಲೆಕ್ಟ್ರಿಕ್ ಪಿಕಪ್ ಹಿಡಿಸುವುದು ಕಷ್ಟ. ಆದರೆ ಈ ವರ್ಷ ಮನೆಯಲ್ಲಿ ಹೊಸ ಗಾಡಿಯ ಮಾತು ಬಂದಿದೆ. ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವುದು ಅಪ್ಪನ ಕೆಲಸ. ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದರು: "ಏನೋ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡ್ತಿದ್ದೀಯಲ್ಲ, ಕರೆಂಟ್ ಗಾಡಿ ತಗೊಂಡ್ರೆ ಆಗುತ್ತಾ? ಮದ್ರಾಸಿಗೆ ಹೋಗುತ್ತಾ?"

ಉತ್ತರ ಹುಡುಕುತ್ತಾ ನಾನು ಮೊದಲು ನೋಡಿದ್ದು ಅಮೆರಿಕವನ್ನು. ಪಿಕಪ್ಪನ್ನು ಅಷ್ಟು ಪ್ರೀತಿಸುವ ದೇಶ ಇನ್ನೊಂದಿಲ್ಲ. ಫೋರ್ಡ್ ಕಂಪನಿಯ ಎಫ್ ಸರಣಿ 1977ರಿಂದಲೂ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್. ಅದರ ಎಲೆಕ್ಟ್ರಿಕ್ ರೂಪವಾದ ಎಫ್-150 ಲೈಟ್ನಿಂಗ್ ಅನ್ನು 2021ರ ಮೇ ತಿಂಗಳಲ್ಲಿ ತೋರಿಸಿದಾಗ ಆರಂಭಿಕ ಬೆಲೆ 40 ಸಾವಿರ ಡಾಲರ್ ಒಳಗೇ ಎಂದಿದ್ದರು. ಸುಮಾರು 2 ಲಕ್ಷ ಜನ ಮುಂಗಡ ಕಾದಿರಿಸಿದರು. 2023ರ ಹೊತ್ತಿಗೆ ಅದೇ ಬೆಲೆ 60 ಸಾವಿರದ ಹತ್ತಿರ ಹೋಯಿತು. ಆಮೇಲೆ ಇಳಿಸಿದರು, ಆದರೆ ಅಷ್ಟರಲ್ಲಿ ಉತ್ಸಾಹವೂ ಇಳಿದಿತ್ತು. 2025ರ ಸೆಪ್ಟೆಂಬರ್ ಕೊನೆಗೆ ಅಲ್ಲಿನ ಸರ್ಕಾರ 7,500 ಡಾಲರ್‌ಗಳ ತೆರಿಗೆ ರಿಯಾಯಿತಿ ನಿಲ್ಲಿಸಿತು. ಡಿಸೆಂಬರ್‌ನಲ್ಲಿ, ಪೂರ್ತಿ ಬ್ಯಾಟರಿಯ ಲೈಟ್ನಿಂಗ್ ಇನ್ನು ಮಾಡುವುದಿಲ್ಲ ಎಂದು ಫೋರ್ಡ್ ಹೇಳಿತು. ರ‍್ಯಾಮ್ ಕಂಪನಿ ತನ್ನ ದೊಡ್ಡ ಬ್ಯಾಟರಿ ಪಿಕಪ್ಪನ್ನು ಮಾರುಕಟ್ಟೆಗೆ ಬರುವ ಮೊದಲೇ ಕೈಬಿಟ್ಟಿತ್ತು.

ಇಷ್ಟು ಓದಿ "ನೋಡಿದ್ರಾ, ಡೀಸೆಲ್ಲೇ ಗೆದ್ದಿತು" ಎಂದು ಕುಣಿಯುವ ಗೆಳೆಯರು ನನಗಿದ್ದಾರೆ. ನಾನೂ ಒಂದು ದಿನ ಕುಣಿದೆ. ಆಮೇಲೆ ಲೆಕ್ಕ ಹಾಕಿದೆ.

ಒಂದು ಲೀಟರ್ ಡೀಸೆಲ್‌ನಲ್ಲಿ ಹೆಚ್ಚು ಕಡಿಮೆ 10 ಯೂನಿಟ್ ಶಕ್ತಿ ಇರುತ್ತದೆ. ಅದೇ, ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್. 50 ಲೀಟರ್ ತುಂಬಿಸಿದರೆ 500 ಯೂನಿಟ್. ಇಂಜಿನ್ ಅದರಲ್ಲಿ ಸುಮಾರು ಮೂರನೇ ಎರಡು ಭಾಗವನ್ನು ಬಿಸಿಯಾಗಿ ಹೊರಗೆ ಚೆಲ್ಲಿದರೂ 150 ಯೂನಿಟ್‌ನಷ್ಟು ಚಕ್ರಕ್ಕೆ ಸಿಗುತ್ತದೆ. ಲೈಟ್ನಿಂಗ್‌ನ ದೊಡ್ಡ ಬ್ಯಾಟರಿಯಲ್ಲಿ ಇರುವುದೇ 131 ಯೂನಿಟ್. ಅದರಲ್ಲಿ ಸುಮಾರು 500 ಕಿ.ಮೀ. ಓಡುತ್ತದೆ ಎಂದು ಪ್ರಮಾಣಪತ್ರ. ಆದರೆ ಹಿಂದೆ ಮನೆಯಷ್ಟು ಎತ್ತರದ ಟ್ರೇಲರ್ ಕಟ್ಟಿ ಹೆದ್ದಾರಿಯಲ್ಲಿ ಹೋದರೆ ಗಾಳಿಯ ತಡೆಗೇ ಬ್ಯಾಟರಿ ಕರಗಿ, ದೂರ ಅರ್ಧಕ್ಕೆ ಬರುತ್ತದೆ. ದೋಣಿ, ಕುದುರೆ, ಎಲ್ಲವನ್ನೂ ಟ್ರೇಲರ್‌ನಲ್ಲಿ ಎಳೆಯುವ ಜನ ಅವರು. ದೂರ ಹೆಚ್ಚಿಸಲು ಬ್ಯಾಟರಿ ಹೆಚ್ಚಿಸಬೇಕು, ಬ್ಯಾಟರಿ ಹೆಚ್ಚಿದರೆ ತೂಕ, ಬೆಲೆ ಎರಡೂ ಏರುತ್ತವೆ. ಎಲೆಕ್ಟ್ರಿಕ್ ಹಮ್ಮರ್ ಪಿಕಪ್ಪಿನ ಖಾಲಿ ತೂಕವೇ 4 ಟನ್ ದಾಟುತ್ತದೆ. ಅಪ್ಪನ ಗಾಡಿ ಟೊಮೆಟೊ ತುಂಬಿಕೊಂಡರೂ ಅಷ್ಟು ತೂಗುವುದಿಲ್ಲ!

ನಮ್ಮಲ್ಲಿ ಲೋಡ್ ಹಿಂದೆ ಎಳೆಯುವುದಲ್ಲ, ಮೇಲೆ ಹೊರುವುದು. 15 ಕಿಲೊದ 100 ಬಾಕ್ಸ್ ಏರಿಸಿದರೆ ಒಂದೂವರೆ ಟನ್. ವೇಗ ಗಂಟೆಗೆ 40-50 ಕಿ.ಮೀ. ಆ ವೇಗದಲ್ಲಿ ಗಾಳಿಯ ತಡೆ ಅಷ್ಟಾಗಿ ಕಾಡುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಸ್ವಲ್ಪ ಕರೆಂಟ್ ವಾಪಸ್ ಕೂಡ ಬರುತ್ತದೆ. ನಿಂತಲ್ಲಿಂದಲೇ ಮೋಟಾರು ಪೂರ್ತಿ ಎಳೆತ ಕೊಡುವುದರಿಂದ, ತೋಟದ ಮಣ್ಣಿನ ದಾರಿಯಲ್ಲಿ ಲೋಡ್ ಎತ್ತುವಾಗ ಕ್ಲಚ್ ಸುಡುವ ವಾಸನೆ ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆಯುರಿ, ಆದರೂ ನಿಜ. ಅಂದರೆ ಅಮೆರಿಕದ ಪಿಕಪ್ಪಿಗಿಂತ ನಮ್ಮ ಪಿಕಪ್ಪಿಗೇ ಬ್ಯಾಟರಿ ಹೆಚ್ಚು ಒಗ್ಗುತ್ತದೆ.

ಕಂಪನಿಗಳಿಗೂ ಇದು ಗೊತ್ತಾಗಿದೆ. ಟಾಟಾ ಏಸ್ ಇವಿ 2022ರಲ್ಲೇ ಬಂತು, 1 ಟನ್ ಹೊರುವ ಮಾದರಿ 2024ರಲ್ಲಿ. ಪ್ರಮಾಣಿತ ದೂರ 161 ಕಿ.ಮೀ. ಬೆಳಿಗ್ಗೆ ಗೋದಾಮಿನಿಂದ ಹೊರಟು ಅಂಗಡಿಗಳಿಗೆ ಸರಕು ಹಾಕಿ ಸಂಜೆ ಅದೇ ಗೋದಾಮಿಗೆ ಮರಳುವ ಗಾಡಿಗೆ ಇದು ಸಾಕು. ಫೋರ್ಡ್ ಕೂಡ ಈಗ 2027ಕ್ಕೆ 30 ಸಾವಿರ ಡಾಲರ್ ಆಸುಪಾಸಿನ ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಪಿಕಪ್ ತರುತ್ತೇನೆ ಎನ್ನುತ್ತಿದೆ.

ಹಾಗಾದರೆ ಅಪ್ಪ ಕೊಳ್ಳಬಹುದೇ? ಸೀಸನ್‌ನಲ್ಲಿ ದಿನಕ್ಕೆ ಎರಡು ಟ್ರಿಪ್, 120 ಕಿ.ಮೀ. ಲೀಟರಿಗೆ 12 ಕಿ.ಮೀ. ಎಂದರೂ 10 ಲೀಟರ್ ಡೀಸೆಲ್, 900 ರೂಪಾಯಿ. ಕರೆಂಟಿನಲ್ಲಿ ಯೂನಿಟ್ಟಿಗೆ 4 ಕಿ.ಮೀ., ಯೂನಿಟ್ಟಿಗೆ 10 ರೂಪಾಯಿ ಎಂದು ಹಿಡಿದರೆ 300. ದಿನಕ್ಕೆ 600 ಉಳಿತಾಯ. ಕೇಳಲು ಚೆನ್ನಾಗಿದೆ. ಆದರೆ ನಮಗೆ ಅಂಥ ದಿನಗಳು ವರ್ಷಕ್ಕೆ 150 ಸಿಕ್ಕರೆ ಹೆಚ್ಚು, ಅಂದರೆ 90 ಸಾವಿರ. ಅಪ್ಪನ ಗಾಡಿಯಷ್ಟು ಹೊರಬಲ್ಲ ಮೊಂಟ್ರಾ ಎವಿಯೇಟರ್ 2025ರ ಜನವರಿಯಲ್ಲಿ ಬಂದಾಗ ಬೆಲೆ 15.99 ಲಕ್ಷದಿಂದ ಶುರು. ಡೀಸೆಲ್ ಪಿಕಪ್ 10 ಲಕ್ಷದ ಆಸುಪಾಸು. ಆ 6 ಲಕ್ಷ ವ್ಯತ್ಯಾಸ ತುಂಬಲು, ಸಾಲದ ಬಡ್ಡಿ ಬಿಟ್ಟರೂ, ಆರೇಳು ವರ್ಷ ಬೇಕು.

ಸರ್ಕಾರದ ನೀತಿಯೂ ಇಲ್ಲಿ ವಿಚಿತ್ರವಾಗಿದೆ. ಪಿಎಂ ಇ-ಡ್ರೈವ್ ಯೋಜನೆಗೆ 10,900 ಕೋಟಿ ಇಟ್ಟರು. ಅದರಲ್ಲಿ ಸ್ಕೂಟರ್, ಆಟೊ, ಬಸ್, ಆಂಬುಲೆನ್ಸ್‌ಗೆ ಜಾಗ ಕೊಟ್ಟರು, 3.5 ಟನ್ ಮೇಲ್ಪಟ್ಟ ಟ್ರಕ್ಕಿಗೂ ಕೊಟ್ಟರು. ನಡುವೆ ಇರುವ ನಾಲ್ಕು ಚಕ್ರದ ಸಣ್ಣ ಪಿಕಪ್ಪಿಗೆ ಕೊಡಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸರಕು ವಾಹನದ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದು ಡೀಸೆಲ್ ಗಾಡಿ ಅಗ್ಗವಾಯಿತು. ಅದು ಒಳ್ಳೆಯದೇ, ಆದರೆ 5 ಪರ್ಸೆಂಟಿನಲ್ಲೇ ಇರುವ ಎಲೆಕ್ಟ್ರಿಕ್‌ಗೆ ಇದ್ದ ಅನುಕೂಲ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಇನ್ನು ಮದ್ರಾಸು. ಕೋಲಾರದಿಂದ ಸುಮಾರು 270 ಕಿ.ಮೀ. ತಿಂಗಳಿಗೆ ಐದಾರು ಸಲ ಅಪ್ಪ ರಾತ್ರಿ ಹೊರಟು ಬೆಳಗಿನ ಮಾರುಕಟ್ಟೆ ಹೊತ್ತಿಗೆ ಅಲ್ಲಿರಬೇಕು. ಸಾಲದ ಕಂತು ಕಟ್ಟುವುದು ಆ ಬಾಡಿಗೆಯಿಂದ. ಎವಿಯೇಟರ್‌ಗೆ ಪ್ರಮಾಣಿತ ದೂರ 245 ಕಿ.ಮೀ., ರಸ್ತೆಯಲ್ಲಿ ನಿಜವಾಗಿ 170 ಎಂದು ಕಂಪನಿಯೇ ಹೇಳಿದೆ. ನಡುರಾತ್ರಿ ಟೊಮೆಟೊ ಹೊತ್ತು ಚಾರ್ಜರ್ ಹುಡುಕುತ್ತಾ ನಿಂತರೆ, ತಡವಾಗಿ ತಲುಪಿದ ಮಾಲಿಗೆ ದರ ಎಷ್ಟು ಬೀಳುತ್ತದೆಂದು ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ.

ನನ್ನ ಅಭಿಪ್ರಾಯದಲ್ಲಿ ಇದಕ್ಕೆ ದಾರಿ, ಲೈಟ್ನಿಂಗ್‌ನ ಮುಂದಿನ ರೂಪಕ್ಕೆ ಫೋರ್ಡ್ ಆರಿಸಿಕೊಂಡಿದ್ದೇ. ಚಕ್ರ ತಿರುಗಿಸುವುದು ಮೋಟಾರು ಮಾತ್ರ. ಜೊತೆಗೊಂದು ಇಂಜಿನ್ ಜನರೇಟರ್ ತಿರುಗಿಸಿ ಬ್ಯಾಟರಿ ತುಂಬುತ್ತದೆ. ಹೊಸ ಮಾಯೆಯೇನಲ್ಲ, ನಮ್ಮ ಡೀಸೆಲ್ ರೈಲು ಇಂಜಿನ್ನು ದಶಕಗಳಿಂದ ಜನರೇಟರ್ ತಿರುಗಿಸಿ ಮೋಟಾರಿನಿಂದಲೇ ಓಡುತ್ತಿದೆ. ಮಂಡಿಗೆ ಕರೆಂಟಿನಲ್ಲಿ, ಮದ್ರಾಸಿಗೆ ಇಂಜಿನ್ ಜೊತೆಯಲ್ಲಿ. ಗ್ಯಾಸ್ ಮುಗಿದರೆ ಇರಲಿ ಎಂದು ಸಿಎನ್‌ಜಿಯ ಏಸ್ ಪ್ರೊಗೆ 5 ಲೀಟರ್ ಪೆಟ್ರೋಲ್ ಟ್ಯಾಂಕ್ ಕೊಟ್ಟಿರುವ ನಮ್ಮ ಕಂಪನಿಗಳಿಗೆ ಇದು ಹೊಳೆಯದ ವಿಷಯವಲ್ಲ. ಜೊತೆಗೆ ಹರಾಜು ಮುಗಿಯುವವರೆಗೆ ಗಂಟೆಗಟ್ಟಲೆ ಸುಮ್ಮನೆ ನಿಲ್ಲುವ ಮಂಡಿ ಅಂಗಳದಲ್ಲೇ ಚಾರ್ಜರ್ ಹಾಕಬೇಕು. ಈಗ ಚಾರ್ಜರ್ ಬರುತ್ತಿರುವುದು ಹೆಚ್ಚಾಗಿ ಕಾರಿನವರು ಕಾಫಿ ಕುಡಿಯುವ ಹೋಟೆಲುಗಳ ಮುಂದೆ.

ಐಟಿಐ, ಡಿಪ್ಲೊಮಾ ಓದುತ್ತಿರುವ ನನ್ನಂಥವರು ಒಂದು ವಿಷಯ ಗಮನಿಸಬೇಕು. ಅಂಥ ಗಾಡಿಯಲ್ಲಿ ಇಂಜಿನ್ ಕೆಲಸವೂ ಇರುತ್ತದೆ, ಹೈ ವೋಲ್ಟೇಜ್ ವೈರಿಂಗ್ ಕೆಲಸವೂ ಇರುತ್ತದೆ. ನಮ್ಮ ಲ್ಯಾಬಿನಲ್ಲಿ ಬಿಚ್ಚಿ ಜೋಡಿಸಲು ಇಂಜಿನ್‌ಗಳಿವೆ, ಬ್ಯಾಟರಿ ಪ್ಯಾಕ್ ಒಂದೂ ಇಲ್ಲ.

ಲೆಕ್ಕ ಬರೆದ ಹಾಳೆಯನ್ನು ಅಪ್ಪನ ಮುಂದಿಟ್ಟೆ. ಪೂರ್ತಿ ನೋಡಿ, "ಹಂಗಾದ್ರೆ ಈಗ ಬೇಡ ಅಂತೀಯಾ?" ಎಂದರು. ಹಳೇ ಗಾಡಿಗೇ ಇಂಜಿನ್ ಕೆಲಸ ಮಾಡಿಸಿ ಎರಡು ವರ್ಷ ಓಡಿಸೋಣಪ್ಪಾ ಎಂದೆ. ಮಾವಿನ ಸೀಸನ್ ಶುರುವಾಗುವ ಮೊದಲು ಗ್ಯಾರೇಜಿಗೆ ಬಿಡಬೇಕು.