ಸೂರ್ಯ ಮುನಿದಾಗ ಎಚ್ಚರಿಸುವವರು ಯಾರು?

ಮೇ ತಿಂಗಳಲ್ಲಿ ಅರಕಲಗೂಡಿನ ಕಡೆ ಹೋದರೆ ನನ್ನ ಕಿವಿಗೆ ಬೀಳುವ ಮೊದಲ ಪ್ರಶ್ನೆ, ಆಲೂಗಡ್ಡೆ ಬಿತ್ತನೆಗೆ ಮಳೆ ಯಾವಾಗ ಎಂಬುದು. ಅಲ್ಲಿನ ರೈತರು ಇಂದು ಆಕಾಶದ ಜೊತೆಗೆ ಮೊಬೈಲಿನಲ್ಲಿ ಬರುವ ಮೋಡಗಳ ಚಿತ್ರವನ್ನೂ ನೋಡುತ್ತಾರೆ. ಆ ಚಿತ್ರಗಳನ್ನು ಕಳುಹಿಸುವ ಇನ್ಸಾಟ್ ಉಪಗ್ರಹಗಳನ್ನು ಹಗಲಿರುಳು ಕಾಯುವುದು ಅವರದೇ ಜಿಲ್ಲಾ ಕೇಂದ್ರವಾದ ಹಾಸನದಲ್ಲಿ 1982ರಿಂದ ಇರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ. ಹೊಳೆನರಸೀಪುರದಿಂದ ಹಾಸನಕ್ಕೆ ಕಾಲೇಜಿಗೆ ಬರುತ್ತಿದ್ದ ನಮಗೆ ಸಾಲಗಾಮೆ ರಸ್ತೆಯ ಆ ಬೃಹತ್ ಬಿಳಿ ಆಂಟೆನಾಗಳು ಊರಿನ ಹೆಮ್ಮೆಯಾಗಿದ್ದವು. ಉಪಗ್ರಹಗಳನ್ನು ಯಾವ ಅಪಾಯದಿಂದ ಕಾಪಾಡಬೇಕಾಗುತ್ತದೆ ಎಂದು ನಾವು ಯೋಚಿಸಿರಲಿಲ್ಲ.

2024ರ ಮೇ 10 ಮತ್ತು 11ರಂದು ಅದಕ್ಕೆ ಉತ್ತರ ದೊರೆಯಿತು. ಸೂರ್ಯನ ಮೇಲಿನ ದೊಡ್ಡದೊಂದು ಕಲೆಗಳ ಗುಂಪಿನಿಂದ ಸರಣಿಯಾಗಿ ಜ್ವಾಲೆಗಳು ಸಿಡಿದವು. ಅವುಗಳ ಜೊತೆಗೆ ಹೊರಟ ವಿದ್ಯುತ್ಕಣಗಳ ಮೋಡಗಳು ಭೂಮಿಗೆ ಅಪ್ಪಳಿಸಿ, 2003ರ ಬಳಿಕದ ಅತಿ ತೀವ್ರ ಭೂಕಾಂತೀಯ ಬಿರುಗಾಳಿಯನ್ನು ಎಬ್ಬಿಸಿದವು. ಲಡಾಖಿನ ಹಾನ್ಲೆಯ ಇರುಳಿನಾಕಾಶದಲ್ಲಿ ಕೆಂಪು ಪ್ರಭೆ ಕ್ಯಾಮೆರಾಗಳಿಗೆ ಸಿಕ್ಕಿತು. ನಕ್ಷತ್ರಗಳನ್ನು ನೋಡಿ ಉಪಗ್ರಹಕ್ಕೆ ದಿಕ್ಕು ತಿಳಿಸುವ ಸಂವೇದಕಗಳ ಪೈಕಿ ತಲಾ ಒಂದನ್ನು ಇನ್ಸಾಟ್-3ಡಿಆರ್ ಮತ್ತು 3ಡಿಎಸ್ ಉಪಗ್ರಹಗಳಲ್ಲಿ ಮುನ್ನೆಚ್ಚರಿಕೆಯಾಗಿ ಸ್ಥಗಿತಗೊಳಿಸಲಾಯಿತು. ನಮಗೆ ದೊಡ್ಡ ಹಾನಿಯೇನೂ ಆಗಲಿಲ್ಲ. ಆದರೆ ಅದೇ ವೇಳೆ ಅಮೆರಿಕದಲ್ಲಿ ಮುಸುಕಿನ ಜೋಳ ಬಿತ್ತುತ್ತಿದ್ದ ಅನೇಕ ರೈತರ ಟ್ರ್ಯಾಕ್ಟರುಗಳು ಜಿಪಿಎಸ್ ದಾರಿ ತಪ್ಪಿ ಹೊಲದಲ್ಲೇ ನಿಂತವು.

ಇದು ಉತ್ತರದ ಶೀತದೇಶಗಳ ಸಮಸ್ಯೆ, ನಮ್ಮದಲ್ಲ ಎಂಬ ಭಾವನೆ ನಮ್ಮಲ್ಲಿದೆ. ಅದರಲ್ಲಿ ಅರ್ಧ ಸತ್ಯವಿದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಇಂಥದೇ ಬಿರುಗಾಳಿಗೆ ಕುಸಿದು, ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಕಾಂತೀಯ ಧ್ರುವಗಳಿಂದ ದೂರವಿರುವ ನಮಗೆ ಆ ಬಗೆಯ ಆಪತ್ತು ಬಹಳ ಕಡಿಮೆ. ಆದರೆ ನೆಲಕ್ಕಿರುವ ಈ ರಕ್ಷಣೆ 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಉಪಗ್ರಹಗಳಿಗಿಲ್ಲ. ಮೇಲಾಗಿ, ಕಾಂತೀಯ ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ದಕ್ಷಿಣ ಭಾರತದ ಅಯಾನುಗೋಳ ಸ್ವಭಾವತಃ ಚಂಚಲ. ಅದು ಕದಡಿದರೆ ಚನ್ನರಾಯಪಟ್ಟಣದಲ್ಲಿ ಜಮೀನಿನ ಗಡಿ ಅಳೆಯುವ ರೋವರ್ ಯಂತ್ರವೂ ತಪ್ಪು ಲೆಕ್ಕ ಕೊಡಬಹುದು.

ಹಾಗಿದ್ದರೆ ಮುನ್ಸೂಚನೆ ಸಾಧ್ಯವೇ? ಸೌರಜ್ವಾಲೆಯ ಬೆಳಕು ಎಂಟು ನಿಮಿಷಗಳಲ್ಲಿ ಇಲ್ಲಿಗೆ ತಲುಪುತ್ತದೆ. ಅದನ್ನು ನಾವು ಕಾಣುವುದೂ ಅದರ ಪರಿಣಾಮ ಆರಂಭವಾಗುವುದೂ ಏಕಕಾಲದಲ್ಲಿ. ಕಣಗಳ ಮೋಡ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಆದರೆ ಅದು ಹೊತ್ತು ತರುವ ಕಾಂತಕ್ಷೇತ್ರ ಉತ್ತರಕ್ಕೆ ಮುಖ ಮಾಡಿದೆಯೋ ದಕ್ಷಿಣಕ್ಕೋ ಎಂಬುದರ ಮೇಲೆ ಬಿರುಗಾಳಿಯ ಬಲ ನಿಂತಿದೆ. ದಕ್ಷಿಣಕ್ಕಾದರೆ ಭೂಮಿಯ ಕಾಂತಕವಚ ತೆರೆದುಕೊಳ್ಳುತ್ತದೆ. ಮೋಡವು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿಗೆ ಬರುವ ತನಕ ಈ ದಿಕ್ಕು ಖಚಿತವಾಗಿ ತಿಳಿಯುವುದಿಲ್ಲ. ಸೆಕೆಂಡಿಗೆ 800 ಕಿಲೋಮೀಟರ್ ವೇಗದ ಮೋಡ ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಗಂಟೆ ಸಾಕು. 2024ರಲ್ಲಿ ಅಮೆರಿಕದ ಮುನ್ಸೂಚನಾ ಕೇಂದ್ರ ನಾಲ್ಕನೆಯ ಶ್ರೇಣಿಯ ಬಿರುಗಾಳಿಯನ್ನು ನಿರೀಕ್ಷಿಸಿತ್ತು. ಬಂದದ್ದು ಐದನೆಯ, ಅಂದರೆ ಗರಿಷ್ಠ ಶ್ರೇಣಿಯದು.

ಅದೇ ಎಲ್1 ಬಿಂದುವಿನ ಸುತ್ತ 2024ರ ಜನವರಿ 6ರಂದು ನಮ್ಮ ಆದಿತ್ಯ-ಎಲ್1 ನೆಲೆಗೊಂಡಿತು. ಅದರ ಪ್ರಮುಖ ಉಪಕರಣವನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಅಭಿಮಾನ ಪಡಬೇಕಾದ ಸಾಧನೆಯಿದು. ಆದರೆ ಆದಿತ್ಯ ಮೂಲತಃ ಐದು ವರ್ಷಗಳ ಸಂಶೋಧನಾ ಯೋಜನೆ. ಸಂಶೋಧನೆ ಬೇರೆ, ಸೇವೆ ಬೇರೆ. ಸಂಶೋಧಕ ದತ್ತಾಂಶವನ್ನು ಆರು ತಿಂಗಳ ಬಳಿಕ ವಿಶ್ಲೇಷಿಸಿದರೂ ಬೆಲೆಯುಂಟು. ಹಾಸನದ ಕೊಠಡಿಯಲ್ಲಿ ರಾತ್ರಿ ಪಾಳಿಯಲ್ಲಿರುವ ಎಂಜಿನಿಯರಿಗೆ ಅದು ಆ ಅರ್ಧ ಗಂಟೆಯೊಳಗೇ ಬೇಕು.

2024ರಲ್ಲಿ ಸೌರಚಕ್ರ ಗರಿಷ್ಠ ಘಟ್ಟ ಮುಟ್ಟಿದೆ, ಇನ್ನು ಸೂರ್ಯ ಶಾಂತನಾಗುತ್ತಾನೆ ಎನ್ನುವವರಿದ್ದಾರೆ. 2003ರ ಅಕ್ಟೋಬರ್ ಕೊನೆಯ ಭೀಕರ ಬಿರುಗಾಳಿಗಳು ಬಂದದ್ದು ಆ ಚಕ್ರ ಇಳಿಮುಖವಾಗಿದ್ದಾಗ ಎಂಬುದನ್ನು ಅವರು ಮರೆಯಬಾರದು.

ಹಾಗೆಂದು ಗಾಬರಿಪಡಬೇಕಾಗಿಲ್ಲ. ಬೇಕಾದುದು ವ್ಯವಸ್ಥೆ. ಆದಿತ್ಯನ ಅವಧಿ ಮುಗಿಯುವ ಮೊದಲೇ, ಮುನ್ಸೂಚನೆಗೆಂದೇ ಮೀಸಲಾದ ಉತ್ತರಾಧಿಕಾರಿ ಸಿದ್ಧವಾಗಿರಬೇಕು. ಸೂರ್ಯನನ್ನು ಅಭ್ಯಸಿಸುವ ನಮ್ಮ ಸಂಸ್ಥೆಗಳ ಅರಿವು ಒಂದೇ ಅಧಿಕೃತ ಧ್ವನಿಯಲ್ಲಿ, ಕನ್ನಡವೂ ಸೇರಿದಂತೆ ಜನರ ಭಾಷೆಗಳಲ್ಲಿ, ವಿದ್ಯುತ್ ಇಲಾಖೆಯಿಂದ ಜಿಲ್ಲಾಡಳಿತದವರೆಗೆ ತಲುಪಬೇಕು. ಚಂಡಮಾರುತದ ಮುನ್ಸೂಚನೆಯಿಂದ ಕರಾವಳಿಯಲ್ಲಿ ಎಷ್ಟು ಜೀವಗಳು ಉಳಿದಿವೆ ಎಂಬುದನ್ನು ನಾವು ಕಂಡಿದ್ದೇವೆ.

ಈಚೆಗೆ ಈ ವಿಷಯ ಹೇಳಿದಾಗ ಅರಕಲಗೂಡಿನ ಪರಿಚಿತ ರೈತರೊಬ್ಬರು ನಕ್ಕರು: “ನಾವು ಬೀಜ ಹಾಕೋದು ಮಳೆ ನೋಡ್ಕಂಡು ಸ್ವಾಮಿ, ಸೂರ್ಯನ್ನ ನೋಡ್ಕಂಡಲ್ಲ.” ಅವರ ಮಾತು ಸರಿ. ಅವರು ಸೂರ್ಯನನ್ನು ನೋಡಬೇಕಾಗಿಲ್ಲ. ಆದರೆ ಅವರ ಮಳೆಯ ಸುದ್ದಿ ತಪ್ಪದೆ ಬರಬೇಕಾದರೆ, ಅವರ ಪರವಾಗಿ ಯಾರಾದರೂ ನೋಡುತ್ತಲೇ ಇರಬೇಕು.