ಹಳೆ ಕೋವಿಗೆ ಹೊಸ ಹೊಳಪೇಕೆ?

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಹ್ಯಾಮರ್ ಕೋವಿ (ಹೊರಗೆ ಕಾಣುವ ಸುತ್ತಿಗೆಯ ಕೋವಿ) ಕೊಳ್ಳಲು ಹೊರಟವರು ಮೊದಲು ಮರುಳಾಗುವುದು ಹೊಳಪಿಗೆ. ಎಡವುವುದೂ ಅಲ್ಲೇ.

ಕೋವಿಯ ಬದಿಯ ಲಾಕ್ ಪ್ಲೇಟಿನ ಮೇಲಿನ ಗುಲಾಬಿ-ಬಳ್ಳಿಯ ಕೆತ್ತನೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಸಲಿಯತ್ತು ಹೊರಬೀಳುತ್ತದೆ. ಕೆತ್ತನೆಗಾರನ ಉಳಿ ಎಳೆದ ಗೆರೆಗೆ ಚೂಪಾದ ಅಂಚಿರುತ್ತದೆ. ಸುರುಳಿಯ ತುದಿಗೆ ಬಂದಾಗ ಅದು ಕೂದಲೆಳೆಯಾಗುತ್ತದೆ. ಪಾಲಿಶ್ ಚಕ್ರಕ್ಕೆ ಕೊಟ್ಟ ಕೋವಿಯಲ್ಲಿ ಎಸಳುಗಳು ತೇಯ್ದ ಗಂಧದ ಕೊರಡಿನಂತೆ ನುಣುಪಾಗಿರುತ್ತವೆ. ಸ್ಕ್ರೂ ತಲೆಯ ಮೇಲಿನ ಗೆರೆ ಪಕ್ಕದ ಪ್ಲೇಟಿನ ಗೆರೆಯೊಂದಿಗೆ ಕೂಡದಿದ್ದರೆ ಯಾರೋ ಕೈಯಾಡಿಸಿದ್ದಾರೆಂದೇ ಅನುಮಾನಿಸಬೇಕು. ಇಂಥ 'ದುರಸ್ತಿ'ಗಿಂತ ಮಾಸಿದ ಬೂದುಬಣ್ಣವೇ ಎಷ್ಟೋ ಮೇಲು.

ಸವಕಲಾಗಲಿ ಹಳತಾಗಲಿ ಅವಮಾನವೇನಲ್ಲ. ಭಾರತದ ವೈಸ್‌ರಾಯ್ ಆಗಿದ್ದ ರಿಪನ್ನರ ಮಗ, ಎರಡನೇ ಮಾರ್ಕ್ವೆಸ್, ಹ್ಯಾಮರ್ ಇಲ್ಲದ ಕೋವಿಗಳು ಬಂದ ಮೇಲೂ ಪರ್ಡಿ ಕಂಪನಿಯ ಹ್ಯಾಮರ್ ಕೋವಿಗಳನ್ನೇ ನೆಚ್ಚಿಕೊಂಡಿದ್ದ. (ಆ ಕುಟುಂಬಕ್ಕೆ ದುಡ್ಡಿನ ಕೊರತೆಯಂತೂ ಇರಲಿಲ್ಲ!)

ಕೆತ್ತನೆ ಎಷ್ಟೇ ಚೆಲುವಾಗಿದ್ದರೂ ನಿಜವಾದ ಪರೀಕ್ಷೆ ನಳಿಗೆಯದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದ ಡಮಾಸ್ಕಸ್ ನಳಿಗೆಯ ಕಂದು ಚಿತ್ತಾರ ಕಣ್ಣಿಗೆ ಹಬ್ಬ. ಒಳಗೆ ತುಕ್ಕಿನ ಗುಳಿಗಳಿದ್ದರೆ ಅಪಾಯ. ಗುಳಿ ತೆಗೆಯಲು ಉಜ್ಜಿದಷ್ಟೂ ಗೋಡೆ ತೆಳುವಾಗುತ್ತದೆ. ನಳಿಗೆಯ ಅಡಿಯ ಮುದ್ರೆಗಳನ್ನೂ ಓದಬೇಕು: 'ನಾಟ್ ಫಾರ್ ಬಾಲ್' (ಒಂಟಿ ಗುಂಡಿಗಲ್ಲ) ಎಂದಿದ್ದರೆ ಅದು 1875ರಿಂದ 1887ರ ನಡುವೆ ಪರೀಕ್ಷೆಯಾದ, ಬಾಯಿ ಕಿರಿದಾದ ನಳಿಗೆ. ಬ್ರಿಟನ್ನಿನಲ್ಲಿ 1868ರ ಕಾಯ್ದೆಯಂತೆ, ಪ್ರೂಫ್ (ಸುರಕ್ಷತಾ ಪರೀಕ್ಷೆ) ಮಿತಿ ಮೀರಿ ಸವೆದ ನಳಿಗೆಯನ್ನು ಬಳಕೆಯ ಕೋವಿಯೆಂದು ಮಾರುವುದೇ ಅಪರಾಧ. ಹೊಸದಾಗಿ ಕೆತ್ತಿಸಿದ್ದನ್ನು ಮುಚ್ಚಿಟ್ಟು ಮಾರುವವರಿಗೂ ಅಷ್ಟೇ ಬಿಗಿ ಬೇಕಿತ್ತು.